ಕಾಂಟೆಸ್ಟ್‌ನಲ್ಲಿ ಕಾಲ್‌ಸೈನ್ ತಪ್ಪುತ್ತಿದೆ: ಎಸ್, ಎಚ್, 5 ಎಲ್ಲ ಒಂದೇ ಥರ ಕೇಳಿಸುತ್ತೆ

ಚುಕ್ಕಿಗೆರೆ:
ಎಲ್ಲರಿಗೂ ನಮಸ್ಕಾರ. ಹ್ಯಾಮ್ ರೇಡಿಯೋದ ಸಿಕ್ಯೂ ವರ್ಲ್ಡ್‌ವೈಡ್ ಸಿಡಬ್ಲ್ಯೂ (ಮೋರ್ಸ್ ಕೋಡ್) ಕಾಂಟೆಸ್ಟ್‌ನ ಲಾಗ್ ಚೆಕ್ ವರದಿ ಬಂತು. 340 ಸಂಪರ್ಕದಲ್ಲಿ 27 ಕಾಲ್‌ಸೈನ್ (ಸ್ಟೇಷನ್‌ನ ಗುರುತಿನ ಹೆಸರು) ತಪ್ಪು. ಸಂಪರ್ಕದ ಅಂಕ ಹೋಯ್ತು, ಅದರ ಮೇಲೆ ಎರಡರಷ್ಟು ಅಂಕ ದಂಡ ಬೇರೆ. ಮಾಮೂಲಿ ಮಾತುಕತೆಯಲ್ಲಿ 22 ಡಬ್ಲ್ಯೂಪಿಎಂ (ನಿಮಿಷಕ್ಕೆ 22 ಪದ) ಆರಾಮಾಗಿ ಕೇಳುತ್ತೇನೆ. ಕಾಂಟೆಸ್ಟ್‌ನಲ್ಲಿ 30ರಲ್ಲಿ ಬಂದರೆ ಮೂರು, ನಾಲ್ಕು, ಐದು ಡಿಟ್ (ಚುಕ್ಕಿ) ಇರುವ ಎಸ್, ಎಚ್, 5ರಲ್ಲಿ ಯಾವುದು ಅಂತಲೇ ಗೊತ್ತಾಗಲ್ಲ. ಗದ್ದಲ ಕಡಿಮೆ ಆಗಲಿ ಅಂತ ಫಿಲ್ಟರನ್ನು 100 ಹರ್ಟ್ಸ್‌ಗೆ ಇಳಿಸಿದ್ದೆ. ಇನ್ನೂ ಸ್ಪೀಡ್ ಪ್ರಾಕ್ಟೀಸ್ ಮಾಡಬೇಕಾ?

ಹಳೇಕೀ:
ಸ್ಪೀಡ್ ಆಮೇಲೆ ನೋಡೋಣ, ಓಎಂ (ಗೆಳೆಯ). ಮೊದಲು 27 ತಪ್ಪನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಸರಿಯಾದ ಕಾಲ್ ಒಂದು ಕಡೆ, ನೀವು ಲಾಗ್ ಮಾಡಿದ್ದು ಇನ್ನೊಂದು ಕಡೆ. ಪ್ರತಿಯೊಂದರ ಪಕ್ಕ, ನೀವೇ ಸಿಕ್ಯೂ (ಯಾರಾದರೂ ಬನ್ನಿ ಅಂತ) ಕರೆಯುವಾಗ ಬಂದದ್ದೋ, ಕ್ಲಸ್ಟರ್ ಸ್ಪಾಟ್ (ಯಾವ ಸ್ಟೇಷನ್ ಎಲ್ಲಿದೆ ಅಂತ ಇಂಟರ್ನೆಟ್‌ನಲ್ಲಿ ಬರುವ ಸೂಚನೆ) ಒತ್ತಿ ಹೋದದ್ದೋ ಅಂತ ಗುರುತು ಹಾಕಿ.

ಆ 100 ಹರ್ಟ್ಸ್ ಮಾತ್ರ ಇವತ್ತೇ ಬಿಡಿ. ಅಷ್ಟು ಕಿರಿದಾದರೆ ಫಿಲ್ಟರ್ ಗಂಟೆ ಹೊಡೆದ ಹಾಗೆ ಗುಂಯ್ ಅನ್ನುತ್ತೆ. ಒಂದು ಡಿಟ್‌ನ ಬಾಲ ಮುಂದಿನ ಡಿಟ್‌ಗೆ ಅಂಟಿಕೊಳ್ಳುತ್ತೆ. ಸಾಲು ಡಿಟ್ ಬರುವ ಕಡೆಯೇ ನಿಮಗೆ ತೊಂದರೆ ಅಂದ ಮೇಲೆ ಇದು ಗಾಯಕ್ಕೆ ಉಪ್ಪು. 300ರಿಂದ 500 ಹರ್ಟ್ಸ್ ಇಟ್ಟು ನೋಡಿ.

ಚುಕ್ಕಿಗೆರೆ:
ಬರೆದೆ. ನಾಚಿಕೆ ಆಗ್ತಿದೆ. 27ರಲ್ಲಿ 11 ಸ್ಪಾಟ್ ಒತ್ತಿ ಹೋದವು! 9 ಡಿಟ್ ಎಣಿಕೆ ತಪ್ಪಿದ್ದು. ಉಳಿದ 7 ಒಟ್ಟಿಗೆ ಮೂರು ನಾಲ್ಕು ಜನ ಕರೆದಾಗ ಆದದ್ದು.

ಹಳೇಕೀ:
ನೋಡಿ, ಆ 11ಕ್ಕೂ ನಿಮ್ಮ ಕಿವಿಗೂ ಸಂಬಂಧವೇ ಇಲ್ಲ. ಸ್ಪಾಟ್ ಹಾಕುವ ಸ್ಕಿಮ್ಮರ್ ಸಾಫ್ಟ್‌ವೇರ್ ಕೂಡ ತಪ್ಪು ಕೇಳುತ್ತೆ. ಒತ್ತಿದ ತಕ್ಷಣ ಕಾಲ್ ಲಾಗ್‌ಗೆ ಬಂದು ಕೂರುತ್ತೆ, ನಾವು ಸುಮ್ನೆ ನಂಬಿ ಕರೆಯುತ್ತೇವೆ. ಇನ್ನು ಮುಂದೆ ಸ್ಪಾಟ್ ಒತ್ತಿದರೆ ಆ ಸ್ಟೇಷನ್ ತನ್ನ ಕಾಲ್ ಕಳಿಸುವವರೆಗೆ ಕಾಯಿರಿ. ಕೆಲವರು ನಾಲ್ಕೈದು ಸಂಪರ್ಕಕ್ಕೊಮ್ಮೆ ಕಳಿಸುತ್ತಾರೆ, ಸಿಟ್ಟು ಬರುತ್ತೆ. ಆದರೂ ಕಾಯಿರಿ.

ಈಗ ಆ 9. 30 ಡಬ್ಲ್ಯೂಪಿಎಂನಲ್ಲಿ ಒಂದು ಡಿಟ್ 40 ಮಿಲಿಸೆಕೆಂಡ್. ಎಸ್ ಪೂರ್ತಿ 200, ಎಚ್ 280, 5 ಅಂದರೆ 360. ನಡುವೆ ಇರೋದು 80 ಮಿಲಿಸೆಕೆಂಡ್ ಅಷ್ಟೇ. ಇದನ್ನು ಎಣಿಸೋಕೆ ಹೋದರೆ ಯಾರಿಗೂ ಆಗಲ್ಲ. ಪ್ರತಿಯೊಂದನ್ನೂ ಒಂದು ತಾಳವಾಗಿ ಗುರುತಿಸಬೇಕು.

ಜೊತೆಗೆ ಕಾಲ್‌ನ ಕಟ್ಟು ಗೊತ್ತಿದ್ದರೆ ಅರ್ಧ ಗೊಂದಲ ತಾನಾಗಿ ಹೋಗುತ್ತೆ. ಪ್ರಿಫಿಕ್ಸ್, ಅಂಕಿ, ಆಮೇಲೆ ಅಕ್ಷರಗಳು. ಸ್ಲ್ಯಾಷ್ ಹಾಕಿದ್ದು, ವಿಶೇಷ ಸಂದರ್ಭದ ಕಾಲ್ ಬಿಟ್ಟರೆ ಕೊನೆಯಲ್ಲಿ ಅಂಕಿ ಬರಲ್ಲ. ಹಾಗಿದ್ದೂ ಕೊನೆಯಲ್ಲಿ ಐದು ಡಿಟ್ ಕೇಳಿಸಿತು ಅಂದ್ರೆ ಅದು 5 ಅಲ್ಲ. ನಡುವಿನ ಜಾಗ ಕುಸಿದಿದೆ: ಐ-ಎಸ್ ಇರಬಹುದು, ಇ-ಎಚ್ ಇರಬಹುದು. ಕೈಯಲ್ಲಿ ಕಳಿಸುವವರಲ್ಲಿ ಇದು ಜಾಸ್ತಿ. ಎ-ಎನ್ ಅಂಟಿದರೆ ಪಿ ಆಗುತ್ತೆ, ಎಂ-ಇ ಅಂಟಿದರೆ ಜಿ. ಅನುಮಾನ ಬಂದರೆ ಪ್ರಶ್ನೆ ಚಿಹ್ನೆ ಕಳಿಸಿ. ನಾಲ್ಕು ಸೆಕೆಂಡ್ ಹೋದರೆ ಹೋಗಲಿ, ದಂಡಕ್ಕಿಂತ ವಾಸಿ.

ಪ್ಯಾಡಲ್‌ಪ್ರಿಯ:
ಮಧ್ಯೆ ಬಾಯಿ ಹಾಕ್ತಿದ್ದೇನೆ. ಆ 7ರ ಬಗ್ಗೆ ಎರಡು ಮಾತು.

ಎಲ್ಲರೂ ಅದೇ ಸ್ಪಾಟ್ ಒತ್ತಿ ಬರೋದರಿಂದ ಎಲ್ಲರ ಟೋನೂ ಒಂದೇ ಆಗಿ, ಒಂದೇ ಉದ್ದ ಕೂಗಿನ ಥರ ಕೇಳಿಸುತ್ತೆ. ಆರ್‌ಐಟಿಯನ್ನು (ಕೇಳುವ ಆವರ್ತನ ಮಾತ್ರ ಸರಿಸುವ ಗುಂಡಿ) 50 ಹರ್ಟ್ಸ್ ಆಚೆ ಈಚೆ ತಿರುಗಿಸಿ. ಸ್ವಲ್ಪ ಪಕ್ಕದಲ್ಲಿ ಕರೆಯುತ್ತಿರುವವನು ಎದ್ದು ಕೇಳಿಸುತ್ತಾನೆ. ಆರ್‌ಎಫ್ ಗೇನ್ (ರಿಸೀವರ್‌ನ ಸೂಕ್ಷ್ಮತೆ) ಇಳಿಸಿ, ಆಡಿಯೋ ಏರಿಸಿ. ಇಲ್ಲದಿದ್ದರೆ ಜೋರಾದ ಒಬ್ಬ ಎಜಿಸಿಯನ್ನು (ಗೇನನ್ನು ತಾನಾಗಿ ಹೊಂದಿಸುವ ವ್ಯವಸ್ಥೆ) ಒತ್ತಿ ಹಿಡಿದು ಉಳಿದವರನ್ನು ನುಂಗಿಬಿಡುತ್ತಾನೆ.

ಇನ್ನೊಂದು: ಸಿಕ್ಕಿದ ಎರಡು ಮೂರು ಅಕ್ಷರವನ್ನೇ ವಾಪಸ್ ಕಳಿಸಿ. ಬರೀ ಪ್ರಶ್ನೆ ಚಿಹ್ನೆ ಕಳಿಸಿದರೆ ಎಲ್ಲರೂ ಮತ್ತೆ ಮುಗಿಬೀಳುತ್ತಾರೆ. ನೀವು ಅವರ ಪೂರ್ತಿ ಕಾಲ್ ಕಳಿಸಿದ ಮೇಲೆ ಅವರು ಬರೀ ರಿಪೋರ್ಟ್ ಕಳಿಸಿದರೆ ಸಾಮಾನ್ಯವಾಗಿ ಸರಿ ಅಂತ ಅರ್ಥ. ರಿಪೋರ್ಟ್‌ಗೆ ಮೊದಲು ತಮ್ಮ ಕಾಲನ್ನೇ ಮತ್ತೆ ಹೊಡೆದರೆ ನಿಮ್ಮದರಲ್ಲಿ ಏನೋ ತಪ್ಪಿದೆ, ಅಲ್ವಾ? ಆಗ ತುಂಬಾ ಜನ ರಿಪೋರ್ಟ್ ಮೇಲೇ ಗಮನ ಇಟ್ಟು ಅದನ್ನು ಕೇಳಿಸಿಕೊಳ್ಳೋದೇ ಇಲ್ಲ. ತಿದ್ದಿದರೆ, ಟಿಯು (ಥ್ಯಾಂಕ್ ಯೂ) ಹೇಳುವಾಗ ತಿದ್ದಿದ ಕಾಲನ್ನೂ ಸೇರಿಸಿ ಕಳಿಸಿ.

ಚುಕ್ಕಿಗೆರೆ:
ಚೆಕ್ ಪಾರ್ಷಿಯಲ್ ಪಟ್ಟಿ (ಗೊತ್ತಿರುವ ಕಾಲ್‌ಸೈನ್‌ಗಳ ಪಟ್ಟಿ) ಹಾಕ್ಕೊಂಡ್ರೆ?

ಹಳೇಕೀ:
ಹಾಕ್ಕೊಳ್ಳಿ, ಆದರೆ ಅದು ಎಚ್ಚರಿಸೋಕೆ ಮಾತ್ರ. ಪಟ್ಟಿಯಲ್ಲಿ ಇಲ್ಲದ ಕಾಲ್ ಬಂದರೆ ಮತ್ತೊಮ್ಮೆ ಕೇಳಿ. ಪಟ್ಟಿಯಲ್ಲಿ ಹತ್ತಿರದ್ದು ಒಂದಿದೆ ಅಂತ ಅದನ್ನೇ ಒತ್ತಬೇಡಿ. ನನ್ನ ಮೊದಲ ವರ್ಷದ ಲಾಗ್ ಪೂರ್ತಿ ಹೀಗೇ ಹಾಳಾಯ್ತು.

ಪ್ರಾಕ್ಟೀಸ್‌ಗೆ ರುಫ್ಜ್ ಎಕ್ಸ್‌ಪಿ ಪ್ರೋಗ್ರಾಂ ಸಾಕು. 50 ಕಾಲ್ ಕಳಿಸುತ್ತೆ, ಸರಿ ಬರೆದರೆ ಸ್ಪೀಡ್ ಏರುತ್ತೆ, ತಪ್ಪಿದರೆ ಇಳಿಯುತ್ತೆ. ಒಂದೇ ಷರತ್ತು: ಕಾಲ್ ಪೂರ್ತಿ ಮುಗಿಯುವವರೆಗೆ ಕೈ ಕೀಬೋರ್ಡ್ ಮೇಲೆ ಬೇಡ. ನೀವು ಮೊದಲ ಅಕ್ಷರ ಟೈಪ್ ಮಾಡುವಾಗ ಕೊನೆಯ ಅಕ್ಷರ ಹಾರಿಹೋಗಿರುತ್ತೆ.

ಚುಕ್ಕಿಗೆರೆ:
ಮೂರು ವಾರ ಆಯ್ತು. ನಿನ್ನೆ ಸಿಡಬ್ಲ್ಯೂಓಪ್ಸ್ ಕ್ಲಬ್‌ನ ಒಂದು ಗಂಟೆಯ ಟೆಸ್ಟ್‌ಗೆ ಕೂತು ಆಡಿಯೋ ರೆಕಾರ್ಡ್ ಮಾಡಿದೆ. ನಿಧಾನವಾಗಿ ಕೇಳಿ ಲಾಗ್ ಜೊತೆ ತಾಳೆ ನೋಡಿದೆ. 38ರಲ್ಲಿ 2 ತಪ್ಪು. ಎರಡೂ ಬಿ ಇದ್ದ ಕಡೆ 6 ಬರೆದದ್ದು, ಅದೂ ಕಾಲ್‌ನ ಕೊನೆಯಲ್ಲಿ!

ಹಳೇಕೀ:
ಕೊನೆಯಲ್ಲಿ 6 ಬರೆಯುವಾಗಲೇ ಕೈ ತಡೆಯಬೇಕಿತ್ತು. ಮುಂದಿನ ಟೆಸ್ಟ್‌ನ ರೆಕಾರ್ಡಿಂಗನ್ನೂ ಕೇಳಿ, ಇಲ್ಲೇ ಬರೆಯಿರಿ. 73 (ಶುಭಾಶಯ).