ಗಂಗೊಳ್ಳಿ ಮನೆ ಗುಂಪಿನಲ್ಲಿ ಮೂವತ್ತಾರು ಅಡಿ ದೋಣಿ

ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ಕಳೆದ ತಿಂಗಳು ಒಂದು ವಾರ ಇದೇ ಮಾತು: ಅಮೆರಿಕದಲ್ಲಿರುವ ಅಣ್ಣ ಒಂದು ಹಳೆ ಮೂವತ್ತಾರು ಅಡಿ ಹಾಯಿದೋಣಿ ತೆಗೆದುಕೊಳ್ಳಬೇಕಾ, ಬೇಡವಾ ಅಂತ. ಎಲ್ಲರ ಒಪ್ಪಿಗೆ ಕೇಳಿ ಹಾಕ್ತಿದ್ದೇನೆ. ಶುಭೋದಯದ ಹೂವುಗಳನ್ನೂ ಅಮ್ಮನ ಮೊಣಕಾಲಿನ ಎಣ್ಣೆ ವಿಚಾರವನ್ನೂ ತೆಗೆದಿದ್ದೇನೆ. ಅಣ್ಣ ಬಾಲ್ಟಿಮೋರ್ ಹತ್ತಿರ ಇರುವುದು, ಅತ್ತಿಗೆ ಮೈಸೂರಿನವರು. ಅಕ್ಕ-ಭಾವ ಅನಾಪೊಲಿಸ್ ಹತ್ತಿರ. ಭಾವ ಧಾರವಾಡದವರು, ಮೆಕ್ಯಾನಿಕಲ್ ಇಂಜಿನಿಯರ್. ಅಣ್ಣ, ಭಾವ ಇಬ್ಬರೂ ಪಾಲು ಹಾಕಿ ಚೆಸಪೀಕ್ ಕೊಲ್ಲಿಯಲ್ಲಿ ಕೆಟಲಿನಾ 27 ಅನ್ನುವ 27 ಅಡಿಯ ಒಂದು ಹಾಯಿದೋಣಿ ಇಟ್ಟುಕೊಂಡಿದ್ದಾರೆ. ಚಿಕ್ಕಪ್ಪ ಗಂಗೊಳ್ಳಿಯಲ್ಲಿ ಮೊನ್ನೆ ಮೊನ್ನೆವರೆಗೂ ಟ್ರಾಲ್ ಬೋಟ್ ಇಟ್ಟವರು. ನಾನು ಬೆಂಗಳೂರಿನಲ್ಲಿ, ಈಜು ಬಾರದವಳು.

ಅಣ್ಣ: (6 ಫೋಟೋ) ಎಲ್ಲರೂ ನೋಡಿ. ಪಿಯರ್ಸನ್ 365. 1978ರದ್ದು. ಎರಡು ಕೂವೆಮರ (ಹಾಯಿ ಕಟ್ಟುವ ಕಂಬ), ಡೀಸೆಲ್ ಎಂಜಿನ್, ಒಳಗೆ ಆರು ಜನ ಮಲಗಬಹುದು. ಕೇಳ್ತಿರೋದು ಬರೀ 6,000 ಡಾಲರ್.

ಅಕ್ಕ: ಇದು ದೋಣಿಯಾ, ಪಾಚಿ ಹಿಡಿದ ಕೆರೆಯಾ?

ಅಣ್ಣ: ಪಾಚಿ ತೊಳೆದರೆ ಹೋಗ್ತದೆ. ಆ ಕಾಲದ ಫೈಬರ್ ಒಡಲು ನೋಡು, ಈಗಿನವರು ಅಷ್ಟು ದಪ್ಪ ಹಾಕುವುದಿಲ್ಲ.

ಅಮ್ಮ: (ಧ್ವನಿ ಸಂದೇಶ) ಈಗ ಇರುವ ದೋಣಿಗೆ ಎಂತ ಆಯ್ತು?

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಪ್ರಕಾರ ಇಡೀ ವಾರದಲ್ಲಿ ಕೇಳಿದ ಅತಿ ಒಳ್ಳೆ ಪ್ರಶ್ನೆ ಅದೇ.

ಭಾವ: ನೋಡಪಾ, ಉದ್ದ 27ರಿಂದ 36 ಆತು, ಒಂಬತ್ತ ಅಡಿ ಅಷ್ಟ ಅಂತ ನಿನ್ನ ಲೆಕ್ಕ. ತೂಕ ನೋಡಿದಿ? ನಮ್ಮದು 6,850 ಪೌಂಡ್. ಇದು 17,700. ಎರಡೂವರೆ ಪಟ್ಟು ಆತಲ್ಲ. ಉದ್ದ, ಅಗಲ, ಆಳ ಮೂರೂ ಕೂಡೇ ಬೆಳೀತಾವ. ಲಂಗರು, ಹಗ್ಗ, ಹಾಯಿ, ತಳದ ಬಣ್ಣ ಎಲ್ಲಾ ಆ ತೂಕದ ಹಿಂದ ಹೋಗ್ತಾವ, ಉದ್ದದ ಹಿಂದ ಅಲ್ಲ.

ಅಣ್ಣ: ಭಾವ, ಆ ತೂಕವೇ ಬೇಕಾದದ್ದು. ಅದರಲ್ಲಿ 7,300 ಪೌಂಡ್ ತಳದಲ್ಲಿ ಭಾರಕ್ಕೆ ಹಾಕಿದ ಸೀಸ. ಜುಲೈ ಸಂಜೆ ಗುಡುಗು ಗಾಳಿ ಬಂದಾಗ ನಮ್ಮ 27 ಹೇಗೆ ಕುಣೀತದೆ ನೀವೇ ನೋಡಿದ್ದೀರಿ. ಹೀಗೆ ಎರಡು ಕೂವೆಯ ಕೆಚ್ ಆದರೆ ನಡುವಿನ ದೊಡ್ಡ ಹಾಯಿ ಇಳಿಸಿ, ಮುಂದಿನದು ಹಿಂದಿನದು ಎರಡರಲ್ಲೇ ಆರಾಮ ಹೋಗಬಹುದು. ನೀರಿನಡಿ ಇರೋದು ನಾಲ್ಕೂವರೆ ಅಡಿ, ನಮ್ಮದಕ್ಕಿಂತ ಅರ್ಧ ಅಡಿ ಜಾಸ್ತಿ ಅಷ್ಟೆ. ಈ ಕೊಲ್ಲಿಯ ಸರಾಸರಿ ಆಳವೇ 21 ಅಡಿ, ಹೊಳೆಬಾಯಿಗಳಲ್ಲಿ ಇನ್ನೂ ಕಡಿಮೆ. ಇಲ್ಲಿಗೆ ಹೇಳಿ ಮಾಡಿಸಿದ ದೋಣಿ.

ಅಕ್ಕ: ಗುಡುಗು ಗಾಳಿ ಬರುವುದು ಒಂದು ಗಂಟೆ. ಉಳಿದ ಜುಲೈ ಪೂರಾ ಗಾಳಿಯೇ ಇಲ್ಲ. ಈಜೋಣ ಅಂದರೆ ಲೋಳೆಮೀನು (ಜೆಲ್ಲಿಫಿಶ್). ಆಗ 17,700 ಪೌಂಡನ್ನು ಯಾರು ತಳ್ಳುವುದು?

ಅಣ್ಣ: ಎಂಜಿನ್ ಉಂಟಲ್ಲ.

ಭಾವ: ಓಡ್ತೈತಿ?

ಅಣ್ಣ: ಮೊದಲು ಚೆನ್ನಾಗಿ ಓಡ್ತಿತ್ತಂತೆ. 40 ಹಾರ್ಸ್‌ಪವರ್ ವೆಸ್ಟರ್‌ಬೀಕ್. ಅದರ ಬ್ಲಾಕ್, ಅಂದರೆ ಮುಖ್ಯ ಒಡಲು, ಪರ್ಕಿನ್ಸ್ ಕಂಪನಿಯದ್ದು. ಬಿಡಿಭಾಗ ಈಗಲೂ ಸಿಗ್ತದೆ.

ಭಾವ: "ಓಡ್ತಿತ್ತಂತೆ"ಗೆ ನಾ ರೊಕ್ಕ ಕೊಡಾಂವ ಅಲ್ಲ.

ಇಲ್ಲಿ ನಾನು ಅತ್ತಿಗೆ ಸಿಟ್ಟಾಗ್ತಾರೆ ಅಂದುಕೊಂಡಿದ್ದೆ. ಆದದ್ದೇ ಬೇರೆ.

ಅತ್ತಿಗೆ: ನಾನು ಹೇಳ್ಲಾ? ನನಗೆ ದೊಡ್ಡ ದೋಣಿ ಬೇಕು. ಈಗಿರೋದ್ರಲ್ಲಿ ನಾಲ್ಕು ಜನ ಒಂದು ರಾತ್ರಿ ಇದ್ದು ಬನ್ನಿ, ಆಮೇಲೆ ಮಾತಾಡಿ. ಟಾಯ್ಲೆಟ್‌ಗೂ ಅಡುಗೆ ಜಾಗಕ್ಕೂ ನಡುವೆ ಎಷ್ಟು ಅಂತರ ಇದೆ ಅಂತ ಇವರಿಗೂ ಗೊತ್ತು. ಮಗಳಿಗೆ ಹದಿನಾಲ್ಕು ಆಯ್ತು, ಬರಲ್ಲ ಅಂತಾಳೆ. ಹೀಗೇ ಬಿಟ್ರೆ ಇವರು ಒಬ್ಬರೇ ಹೋಗಿ ಬರೋದಾಗುತ್ತೆ. ಆದ್ರೆ ಈ ದೋಣಿನೇ ಬೇಕು ಅಂತ ನಾನು ಹೇಳ್ತಿಲ್ಲ, ನೋಡಿಕೊಳ್ಳಿ.

ಅಣ್ಣ: 👆🏽 ಮೊದಲರ್ಧ ಎಲ್ಲರೂ ಓದಿ.

ಅಕ್ಕ: ಎರಡನೇ ಅರ್ಧ ನಾನು ಓದಿದೆ.

ಅಣ್ಣ: ಅಲ್ಲ, ಹಾಯಿ ಕಟ್ಟುವುದು ನಮ್ಮ ರಕ್ತದಲ್ಲೇ ಉಂಟು. ಅಜ್ಜ ಹಾಯಿಯ ಮಚವೆ ದೋಣಿಯಲ್ಲಿ ಹೆಂಚು ತುಂಬಿಕೊಂಡು ಹೋದವರು.

ಚಿಕ್ಕಪ್ಪ: ಹ್ವಾಯ್, ಅಪ್ಪಯ್ಯ ಮಚವೆ ಬಿಟ್ಟು ಎಂಜಿನ್ ಬೋಟಿಗೆ ಓಡಿ ಹೋದವರಲ್ಲಿ ಮೊದಲನೆಯವರು. ಹಾಯಿಯ ಸುದ್ದಿ ಎತ್ತಿದರೆ ಬೈತಿದ್ದರು. ಅವರ ಹೆಸರು ಇದರಲ್ಲಿ ತರುವುದು ಬ್ಯಾಡ.

ಚಿಕ್ಕಪ್ಪ: ಈಗ ಸಮ ಹೇಳು. ಅದು ನೀರಲ್ಲಿ ಉಂಟಾ, ಮೇಲೆ ಉಂಟಾ?

ಅಣ್ಣ: ನೀರಲ್ಲೇ. ಬೋಟ್‌ಯಾರ್ಡಿನ ಧಕ್ಕೆಯಲ್ಲಿ ಕಟ್ಟಿದ್ದಾರೆ.

ಚಿಕ್ಕಪ್ಪ: ಕೊನೆಗೆ ಮೇಲೆ ಎಳೆದದ್ದು ಯಾವಾಗ?

ಅಣ್ಣ: ನಾಲ್ಕು ವರ್ಷ ಆಗಿರಬಹುದು. ಮಾರುವವನ ತಂದೆಯದ್ದು ಅದು. ಅವರಿಗೆ ಹುಷಾರಿಲ್ಲದೆ ಆಮೇಲೆ ಯಾರೂ ಮುಟ್ಟಲಿಲ್ಲ.

ಚಿಕ್ಕಪ್ಪ: ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗೆ ಹೋಗುವ ಹಾಗಿಲ್ಲ. ಆ ಹೊತ್ತಿನಲ್ಲಿ ಬೋಟ್ ಮೇಲೆ ಹಾಕಿ ತಳ ಕೆರೆದು, ಫ್ಯಾನ್ (ಪ್ರೊಪೆಲ್ಲರ್) ಬಿಚ್ಚಿ, ಎಂಜಿನ್ ಕೆಲಸ ಮಾಡಿಸಿ, ಬಣ್ಣ ಹೊಡೆದು ಇಳಿಸುವುದು. ದಿನಾ ಓಡಿಸುವ ಬೋಟಿಗೇ ವರ್ಷವೂ ಅಷ್ಟು ಬೇಕು. ನಾಲ್ಕು ವರ್ಷ ಕಟ್ಟಿ ಹಾಕಿದ್ದನ್ನು ಗಂಗೊಳ್ಳಿಯಲ್ಲಿ ಯಾರಾದರೂ ತೆಗೆದುಕೊಂಡರೆ ಎಂಜಿನ್ ಬಿಚ್ಚಿ ಮಾರುವುದಕ್ಕೆ. ಮತ್ತೆ ನಮ್ಮ ಬೋಟು ಮೀನು ತಂದು ಖರ್ಚು ತೀರಿಸ್ತದೆ. ನಿನ್ನದು ಎಂತ ತರ್ತದೆ?

ಅಣ್ಣ: ನೆಮ್ಮದಿ.

ಅಕ್ಕ: ನೆಮ್ಮದಿಗೆ ತಿಂಗಳ ಬಾಡಿಗೆ ಅಡಿ ಲೆಕ್ಕದಲ್ಲಿ.

ಭಾವ: ಇನ್ನೊಂದು. ಇಲ್ಲಿ ಚಳಿಗಾಲದಾಗ ನೀರು ಹೆಪ್ಪುಗಟ್ತದ. ಎಂಜಿನ್ ಒಳಗಿನ ನೀರು ತಗದು ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಕಬೇಕು. ಯಾರೂ ಮುಟ್ಟಿಲ್ಲ ಅಂದ್ರ ಹಾಕಿಲ್ಲ. ಒಳಗ ನೀರು ಐಸ್ ಆತಂದ್ರ ಬ್ಲಾಕ್ ಸೀಳ್ತದ. ಹೊರಗ ನೋಡಿದ್ರ ಬಣ್ಣ ಹೊಸದಿದ್ದಂಗ ಇರ್ತದ.

ನಾನು: ಒಂದು ಸಣ್ಣ ಪ್ರಶ್ನೆ. ಡೆಕ್ ಮೇಲಿನ ಆ ಕಂದು ಕಲೆಗಳು ಏನು? 4ನೇ ಫೋಟೋ.

ಭಾವ: ಶಾಬಾಸ್. ಅದನ್ನ ನಾನೂ ನೋಡಿದೆ. ಕೂವೆ ಹಿಡಿದ ಸ್ಟೀಲ್ ಕಂಬಿ ಡೆಕ್ ಮ್ಯಾಲೆ ಒಂದೊಂದು ಪಟ್ಟಿಗೆ ಕಚ್ಚಿರ್ತಾವ, ಆ ಪಟ್ಟಿ ಡೆಕ್ ದಾಟಿ ಒಳಗ ಹೋಗಿರ್ತದ, ಅದಕ್ಕ ಚೈನ್‌ಪ್ಲೇಟ್ ಅಂತಾರ. ಡೆಕ್ ದಾಟೋ ಜಾಗದಾಗ ಗಾಳಿ ಸಿಗೂದಿಲ್ಲ, ಉಪ್ಪು ನೀರು ನಿಂತಿರ್ತದ. ಸ್ಟೇನ್‌ಲೆಸ್ ಅಂತ ಹೆಸರಷ್ಟ, ಗಾಳಿ ಇಲ್ಲದಲ್ಲಿ ಅದೂ ತಿಂದು ಹೋಗ್ತದ. ಹೊರಗ ಮಿರಮಿರ, ಒಳಗ ಅರ್ಧ ಇಲ್ಲ. ಒಂದು ಪಟ್ಟಿ ಕಿತ್ತರ ಕೂವೆ ಕೆಳಗ ಬರ್ತದ.

ಭಾವ: ಅದಕ್ಕಿಂತ ದೊಡ್ಡದು ಡೆಕ್. ಒಡಲು ದಪ್ಪ ಫೈಬರ್, ಖರೆ, ಅದು ಕೊಳಿಯೂದಿಲ್ಲ. ಡೆಕ್ ಹಂಗಲ್ಲ. ಎರಡು ತೆಳು ಫೈಬರ್ ಹಾಳಿ, ನಡುವ ಬಾಲ್ಸಾ ಮರ. ಒಂದು ಬೋಲ್ಟಿನ ಸುತ್ತ ಮೆತ್ತಿದ ಸೀಲಂಟ್ ಒಡೆದು ನೀರು ಇಳಿತಂದ್ರ ಆ ಮರ ಮೆತ್ತಗ ಹಿಟ್ಟಾಗ್ತದ. ಮ್ಯಾಲೆ ನಡದ್ರ ಗೊತ್ತೂ ಆಗೂದಿಲ್ಲ, ಬಡದ ನೋಡಬೇಕು.

ಅಣ್ಣ: ಡೆಕ್ ರಿಪೇರಿ ನಾನೇ ಮಾಡ್ತೇನೆ. ವಿಡಿಯೋ ಎಷ್ಟೋ ಉಂಟು.

ಅಕ್ಕ: 27ರ ಎಂಜಿನ್ ತಂಪು ಮಾಡುವ ನೀರಿನ ಪಂಪಿನ ರಬ್ಬರ್ ಚಕ್ರ ಬದಲಿಸಲು ನಿನಗೆ ಎಷ್ಟು ಹೊತ್ತು ಬೇಕಾಯ್ತು? ಮೇ ತಿಂಗಳಲ್ಲಿ ತಂದ ಚಕ್ರ ಇನ್ನೂ ನಮ್ಮ ಗ್ಯಾರೇಜಿನಲ್ಲಿ ಉಂಟು. ಅದೂ ಆರು ಸ್ಕ್ರೂ ಕೆಲಸ.

ಅಣ್ಣ: ಅದು ಬೇರೆ ವಿಷಯ.

ಅಕ್ಕ: ಅದೇ ವಿಷಯ. ದುಡ್ಡಿನ ಲೆಕ್ಕ ನಿನ್ನ ಭಾವ ಹೇಳ್ತಾರೆ. ನಾನು ಶನಿವಾರಗಳ ಲೆಕ್ಕ ಕೇಳ್ತಿದ್ದೇನೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಿಗುವುದು ಸುಮಾರು ಮೂವತ್ತು. ಅದರಲ್ಲಿ ಮಕ್ಕಳ ಕ್ಲಾಸು, ಮಳೆ, ಮದುವೆ ಕಳೆ. ಉಳಿದದ್ದರಲ್ಲಿ ನೀನು ಡೆಕ್ ಕೊರೀತಾ ಕೂತರೆ ಮಗಳು ದೋಣಿ ಹತ್ತುವ ಹೊತ್ತಿಗೆ ಅವಳು ಕಾಲೇಜಿಗೆ ಹೋಗಿರ್ತಾಳೆ.

ಅಣ್ಣ ಅವತ್ತು ಮತ್ತೆ ಬರೆಯಲಿಲ್ಲ. ಎರಡು ನೀಲಿ ಗೆರೆ ಮಾತ್ರ. ಮಾರನೇ ದಿನ ಭಾವನ ಉದ್ದ ಸಂದೇಶ. ಲೆಕ್ಕ ಹಾಕಿದ್ದಾರೆ ಅಂದರೆ ಅವರಿಗೂ ಸ್ವಲ್ಪ ಆಸೆ ಉಂಟು ಅಂತಲೇ ನನಗೆ ಅನಿಸಿದ್ದು. ಬೇಡವೇ ಬೇಡ ಅನ್ನುವವರು ಲೆಕ್ಕ ಹಾಕುವುದಿಲ್ಲ.

ಭಾವ: ಗುರುತಿನವರ ಕಡೆ ಕೇಳಿದೆ. ಎರಡೂ ಕೂವೆಯ ಕಂಬಿ ಹೊಸದು ಮಾಡಿಸಾಕ 10 ಸಾವಿರ ಡಾಲರ್ ಹತ್ರ. ಹಾಯಿ ಮೂರೂ ಸೇರಿ 8 ಸಾವಿರ. ಎಂಜಿನ್ ಹೋಗಿದ್ರ ಹೊಸದು ಕೂಡಿಸಾಕ 20. ಡೆಕ್ಕು, ವೈರು, ಪೈಪು, ನೀರಿನಡಿ ಇರೋ ವಾಲ್ವು ಬ್ಯಾರೆ. ಹಂಗಂದ್ರ 6,000 ಅನ್ನೂದು ಬೆಲೆ ಅಲ್ಲ, ಬರೇ ಪ್ರವೇಶ ಫೀಸು. ಎಲ್ಲಾ ಮಾಡಿಸಿ ಮಾರಿದ್ರ ಹಾಕಿದ್ದರ ಅರ್ಧನೂ ಬರೂದಿಲ್ಲ.

ಅಣ್ಣ: ನೀವು ಎಲ್ಲದಕ್ಕೂ ಅತಿ ಕೆಟ್ಟದ್ದನ್ನೇ ಹಿಡಿದಿದ್ದೀರಿ ಭಾವ. ಎಂಜಿನ್ ಸರಿ ಇದ್ದರೆ? ಹಾಯಿ ಚೀಲದಲ್ಲಿ ಒಣಗಿಯೇ ಉಂಟು, ನಾನು ನೋಡಿದ್ದೇನೆ. ನೋಡದೆ ಬೇಡ ಅನ್ನುವುದೂ ನೋಡದೆ ತೆಗೆದುಕೊಳ್ಳುವಷ್ಟೇ ತಪ್ಪು.

ಚಿಕ್ಕಪ್ಪ: ಇದು ಸಮ. ಹೋಗಿ ಕಾಣಿ. ಮರದ ಸುತ್ತಿಗೆ ತೆಗೆದುಕೊಂಡು ಹೋಗಿ ಬಡಿರಿ. ಠಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ನೀರು. ಎಂಜಿನ್ ಚಾಲೂ ಮಾಡಿ ತೋರಿಸ್ತೇನೆ ಅಂದರೆ, ಮೊದಲು ಕೈ ಇಟ್ಟು ಕಾಣಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಕಷ್ಟಪಟ್ಟು ಎಬ್ಬಿಸಿದ್ದಾನೆ ಅಂತ. ಆಯಿಲ್ ಹಾಲಿನ ಬಣ್ಣ ಇದ್ದರೆ ತಿರುಗಿ ಬನ್ನಿ.

ಭಾವ: ನೋಡಿ ಪಾಸಾದ್ರ ಮಾತ್ರ ದೋಣಿ ಪರೀಕ್ಷೆ ಮಾಡೋ ಸರ್ವೇಯರ್. ಅಡಿಗೆ 25 ಡಾಲರ್ ಹೇಳಿದ, 36ಕ್ಕ 900. ಮ್ಯಾಲೆ ಎತ್ತಿಸೋ ಖರ್ಚು ಬ್ಯಾರೆ. ಆ ಸರ್ವೇ ಇಲ್ದ ಇಷ್ಟು ಹಳೇ ದೋಣಿಗೆ ಇನ್ಶೂರೆನ್ಸ್ ಸಿಗೂದು ಕಷ್ಟ, ಇನ್ಶೂರೆನ್ಸ್ ಇಲ್ದ ನಮ್ಮ ಮರೀನಾದಾಗ ಜಾಗ ಇಲ್ಲ.

ಅತ್ತಿಗೆ: ಕಾಗದಪತ್ರ ಯಾರ ಹೆಸರಲ್ಲಿದೆ? ತಂದೆದು ಅಂದ್ರಿ. ಯಾರ್ಡ್ ಬಾಡಿಗೆ ಬಾಕಿ ಇದೆಯಾ ಅಂತ ಯಾರೂ ಕೇಳೇ ಇಲ್ವಲ್ಲ.

ಅತ್ತಿಗೆ ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಕೆಲಸ ಮಾಡುವುದು. ಸಂಜೆ ಅಣ್ಣ ಉತ್ತರ ತಂದ: ಟೈಟಲ್ ಇನ್ನೂ ತಂದೆಯ ಹೆಸರಲ್ಲೇ, ಯಾರ್ಡಿಗೆ ಹದಿನಾಲ್ಕು ತಿಂಗಳ ಬಾಕಿ.

ಅತ್ತಿಗೆ: ದೋಣಿ ಮೇಲಿನ ಬಾಕಿ ದೋಣಿ ಜೊತೆನೇ ಬರುತ್ತೆ ಕಣ್ರೀ, ಮಾಲೀಕ ಬದಲಾದ್ರೂ. ಅದು ತೀರಿಸಿದ ರಸೀದಿ, ಟೈಟಲ್ ಮಾರೋನ ಹೆಸರಿಗೆ, ಇವೆರಡೂ ಕೈಗೆ ಬರೋವರೆಗೆ ಮುಂಗಡ ಅಂತ ಹತ್ತು ಡಾಲರೂ ಕೊಡಬೇಡಿ.

ಅಣ್ಣ: ಸರಿ. ಶನಿವಾರ ನೋಡಲಿಕ್ಕೆ ಮಾತ್ರ ಹೋಗುವುದು. ಭಾವ, ಬರ್ತೀರಾ?

ಭಾವ: ಸುತ್ತಿಗಿ ನಾ ತರ್ತೀನಿ.

ಶನಿವಾರ ಭಾರತದಲ್ಲಿ ರಾತ್ರಿ. ಗುಂಪಿನಲ್ಲಿ ಯಾರೂ ಮಲಗಿರಲಿಲ್ಲ, ಅಮ್ಮ ಕೂಡ.

ಭಾವ: (ವಿಡಿಯೋ) ಕೇಳ್ರಿ. ಮುಂದ ಠಣ್ ಠಣ್. ದೊಡ್ಡ ಕೂವೆ ಹತ್ರ, ಬಲಗಡೆ ಕಂಬಿ ಸುತ್ತ, ದಬ್ ದಬ್. ಒಂದು ಮಾರು ಉದ್ದ. ಎಡಗಡೆ ಅದರ ಅರ್ಧ.

ಅಣ್ಣ: ಒಡಲು ಮಾತ್ರ ನಿಜವಾಗಿ ಚೆನ್ನಾಗಿ ಉಂಟು. ಒಳಗೆ ತೇಗದ ಕೆಲಸ ನೋಡಿ. (ಫೋಟೋ)

ನಾನು: ಆ ತೇಗದ ಬಾಗಿಲ ಮೇಲೆ ಒಂದು ಅಡ್ಡ ಗೆರೆ ಉಂಟಲ್ಲ, ಕೆಳಗೆ ಕಪ್ಪು, ಮೇಲೆ ಕಂದು?

ಅಣ್ಣ: ಹೌದು.

ಅಣ್ಣ: ನೀರು ಅಲ್ಲಿವರೆಗೆ ಬಂದಿತ್ತು.

ಭಾವ: ಮಳೆ ನೀರು ಡೆಕ್ಕಿನಿಂದ ಇಳದೈತಿ, ಬ್ಯಾಟರಿ ಸತ್ತು ಪಂಪ್ ನಿಂತೈತಿ. ಆ ಗೆರಿ ಎಂಜಿನ್ನಿನ ಸ್ಟಾರ್ಟರ್‌ಗಿಂತ ಮ್ಯಾಲ. ಪುಲ್ಲಿ ಬೋಲ್ಟಿಗೆ ಉದ್ದ ಪಾನಾ ಹಾಕಿ ಇಬ್ಬರೂ ಜಗ್ಗಿದಿವಿ. ಒಂದು ಕೂದಲೆಳಿ ತಿರುಗಲಿಲ್ಲ.

ಚಿಕ್ಕಪ್ಪ: ಆಯ್ತು. ತಿರುಗಿ ಬನ್ನಿ.

ಅಣ್ಣ: ಬರ್ತಿದ್ದೇವೆ. 6,000ಕ್ಕಲ್ಲ, ಬಿಟ್ಟಿ ಕೊಟ್ಟರೂ ಬೇಡ. ಇದನ್ನು ಒಡೆದು ಬಿಸಾಡಬೇಕಾಗಿ ಬಂದರೂ ಇಲ್ಲಿ ಸಾವಿರಗಟ್ಟಲೆ ಡಾಲರ್ ಕೊಡಬೇಕು. ಆದರೆ ಮೂರು ವರ್ಷ ಮೊದಲು ಯಾರಾದರೂ ಒಂದು ಟಾರ್ಪಾಲ್ ಹಾಕಿದ್ದರೆ ಸಾಕಿತ್ತು. ಅದೇ ಹೊಟ್ಟೆ ಉರಿ.

ಅತ್ತಿಗೆ: ಈಗ ನನ್ನ ಮಾತು. ಕೆಟಲಿನಾ 30 ನೋಡೋಣ. ಅಗಲ ಹತ್ತು ಅಡಿ ಮೇಲೆ, ತೂಕ ಹತ್ತು ಸಾವಿರ ಪೌಂಡ್ ಚಿಲ್ಲರೆ. ಆರು ಸಾವಿರಕ್ಕಿಂತ ಹೆಚ್ಚು ಮಾಡಿದ್ದಾರಂತೆ, ಬಿಡಿಭಾಗಕ್ಕೆ ಹುಡುಕಾಡಬೇಕಿಲ್ಲ. ಟಾಯ್ಲೆಟ್‌ಗೆ ಸರಿಯಾದ ಬಾಗಿಲಿದೆ. ಬೆಲೆ ಜಾಸ್ತಿ ಆದ್ರೂ ಓಡ್ತಾ ಇರೋದು, ಇದೇ ವರ್ಷ ಮೇಲೆ ಎಳೆದಿರೋದು ಮಾತ್ರ. ಅಕ್ಟೋಬರ್ ಕೊನೆಗೆ ಕೇಳಿದ್ರೆ ಚಳಿಗಾಲದ ಬಾಡಿಗೆ ಉಳಿಸೋಕೆ ಮಾರೋರೇ ಬೆಲೆ ಇಳಿಸ್ತಾರೆ.

ಅಕ್ಕ: ನನಗೆ ಒಪ್ಪಿಗೆ. 27 ಮಾರಿದ ಮೇಲೆ. ಎರಡು ದೋಣಿಗೆ ಬಾಡಿಗೆ ಕಟ್ಟುವುದು ಆಗುವುದಿಲ್ಲ.

ಭಾವ: 27 ಮಾರಬೇಕಂದ್ರ ಎಂಜಿನ್ ತಂಪು ಮಾಡಿದ ನೀರು ಹೊರಗ ಉಗುಳಬೇಕು. ನಾಳೆ ಚಕ್ರ ಹಾಕೂಣು. ಹತ್ತಕ್ಕ ಬಾ.

ಅಣ್ಣ: ಬರ್ತೇನೆ.

ಚಿಕ್ಕಪ್ಪ: ಆ ದೋಣಿಯ ಮೂತಿಯಲ್ಲಿ ಒಂದು ಲಂಗರು ಕಂಡಿತು, ಹೊಸದರ ಹಾಗೆ. ಅದೊಂದು ಎಷ್ಟಕ್ಕೆ ಕೊಡ್ತಾನೆ ಕೇಳಿದೆಯಾ?

ಅಣ್ಣ: ಯಾರ್ಡಿನ ಬಾಕಿ ತೀರುವವರೆಗೆ ಅಲ್ಲಿಂದ ಒಂದು ಸ್ಕ್ರೂ ಕೂಡ ಹೊರಗೆ ಬಿಡುವುದಿಲ್ಲವಂತೆ ಚಿಕ್ಕಪ್ಪ. ಕೇಳಿದೆ.