ದೊಡ್ಡಪ್ಪ ಹಾಕಿದ ಫಾರ್ವರ್ಡ್

ಮನೆಮಂದಿ ಗುಂಪು, ಶನಿವಾರ ರಾತ್ರಿ 9:10

ರಾಜಾಜಿನಗರ ದೊಡ್ಡಪ್ಪ: *ಟ್ಯೂಬಿನಲ್ಲಿ ಗರ್ಭ ನಿಂತರೆ ಆಪರೇಷನ್ ಬೇಡ! ಒಂದೇ ಇಂಜೆಕ್ಷನ್ ಸಾಕು. ಎಲ್ಲರಿಗೂ ಕಳಿಸಿ* 🙏

ರಾಜಾಜಿನಗರ ದೊಡ್ಡಪ್ಪ: ಪುಟ್ಟಿಗೆ ಬೆಳಗ್ಗೆ ಆಪರೇಷನ್ ಅಂತೆ. ಮೊದಲು ಇದನ್ನು ಓದಿ. ಆಸ್ಪತ್ರೆಯವರಿಗೆ ಬಿಲ್ಲೇ ಮುಖ್ಯ.

ನಾನು: ದೊಡ್ಡಪ್ಪ, ಇದು ಪೂರ್ತಿ ಸುಳ್ಳಲ್ಲ. ಗರ್ಭ ಟ್ಯೂಬಿನಲ್ಲಿ, ಅಂದರೆ ಅಂಡನಾಳದಲ್ಲಿ ಮಾತ್ರ ನಿಂತಿದ್ದು, ಬೇಗ ಗೊತ್ತಾದರೆ ಕೆಲವರಿಗೆ ಮೆಥೋಟ್ರೆಕ್ಸೇಟ್ ಅನ್ನುವ ಈ ಇಂಜೆಕ್ಷನ್ ಕೊಡುತ್ತಾರೆ. ನಮ್ಮ ವಾರ್ಡಿನಲ್ಲೇ ಕೊಟ್ಟಿದ್ದೇವೆ. ಆದರೆ ಪುಟ್ಟಿಗೆ ಗರ್ಭಕೋಶದಲ್ಲೂ ಮಗು ಇದೆ.

ಬಸವನಗುಡಿ ಅತ್ತೆ: ಒಂದೇ ಸಲ ಎರಡು ಕಡೆ ನಿಲ್ಲುವುದುಂಟೇನೇ?

ನಾನು: ತಾನಾಗಿ ಆದ ಬಸಿರಿನಲ್ಲಿ ಸುಮಾರು 30,000ಕ್ಕೆ ಒಂದು ಅಂತ ಲೆಕ್ಕ ಅತ್ತೆ. ಐವಿಎಫ್‌ನಲ್ಲಿ ಅದಕ್ಕಿಂತ ತುಂಬಾ ಜಾಸ್ತಿ. ಎರಡು ಭ್ರೂಣ ಹಾಕಿದ್ದರಲ್ಲ, ಒಂದು ಟ್ಯೂಬಿಗೆ ಸರಿದು ಕೂತಿದೆ.

ರಾಜಾಜಿನಗರ ದೊಡ್ಡಪ್ಪ: ಸರಿ, ಟ್ಯೂಬಿನದ್ದಕ್ಕೆ ಮಾತ್ರ ಇಂಜೆಕ್ಷನ್ ಕೊಡಲಿ.

ನಾನು: ಅದು ಮೈಯೆಲ್ಲಾ ಹರಡುವ ಔಷಧಿ. ಫೋಲಿಕ್ ಆಸಿಡ್ ಕೆಲಸವನ್ನೇ ತಡೆಯುತ್ತದೆ. ಪುಟ್ಟಿ ದಿನಾ ರಾತ್ರಿ ನುಂಗುವ ಹಳದಿ ಮಾತ್ರೆ ಯಾವುದು ಅಂದುಕೊಂಡಿರಿ? ಅದೇ ಫೋಲಿಕ್ ಆಸಿಡ್. ಒಳಗಿನ ಮಗುವಿಗೆ ಅಂತ ಕೊಟ್ಟಿರುವುದು.

ರಾಜಾಜಿನಗರ ದೊಡ್ಡಪ್ಪ: ಮೊದಲ ಸ್ಕ್ಯಾನ್‌ನಲ್ಲಿ ಎಲ್ಲ ಸರಿ ಅಂದಿದ್ದರಲ್ಲ? ಮೈಸೂರ್ ಪಾಕ್ ಹಂಚಿದೆವು.

ಚಿಕ್ಕಮ್ಮ: ಅಲ್ಲೇ ಎಡವಿದ್ದು ಭಾವ. ಗರ್ಭಕೋಶದಲ್ಲಿ ಮಗು ಕಂಡಿತು, ಅಷ್ಟಕ್ಕೇ ಎದ್ದು ಬಂದೆವು. ಮೊನ್ನೆ ಕಿಬ್ಬೊಟ್ಟೆ ನೋವು ಅಂದಾಗ ಗ್ಯಾಸ್ ಅಂತ ನಾನು ಓಮದ ನೀರು ಕೊಟ್ಟೆ. ಇಲ್ಲಿ ಸಿಸ್ಟರ್ ಗಂಟೆಗೊಂದು ಸಲ ಬಂದು "ಭುಜ ನೋಯುತ್ತಿದೆಯಾ?" ಅಂತ ಕೇಳುತ್ತಾರೆ. ಹೊಟ್ಟೆಗೆ ಬಂದವಳಿಗೆ ಭುಜ ಯಾಕೆ?

ನಾನು: ಟ್ಯೂಬು ಒಡೆದು ರಕ್ತ ಮೇಲಕ್ಕೆ ಸೇರಿದರೆ ನೋವು ಭುಜದ ತುದಿಗೆ ಬರುತ್ತದೆ ಚಿಕ್ಕಮ್ಮ. ಭುಜ ನೋವು ಅಂತ ಅವಳು ಹೇಳಿದರೆ ಬೆಳಗ್ಗೆವರೆಗೆ ಕಾಯುವುದಿಲ್ಲ, ಆಗಲೇ ಒಳಗೆ ಕರೆದುಕೊಂಡು ಹೋಗುತ್ತಾರೆ.

ಬಸವನಗುಡಿ ಅತ್ತೆ: ಮಂಪರು ಕೊಟ್ಟರೆ ಮಗುವಿಗೆ ಏನೂ ಆಗಲ್ವಾ?

ನಾನು: ಏನೂ ಆಗಲ್ಲ ಅಂತ ನಾನು ಬರೆದುಕೊಡಲಾರೆ. ಗರ್ಭ ಹೋಗುವ ಭಯ ಇದ್ದೇ ಇದೆ. ಆದರೆ ಆಪರೇಷನ್ ಆದ ಮೇಲೂ ಮಗು ಉಳಿದವರೇ ಹೆಚ್ಚು. ಹೊಟ್ಟೆ ಕೊಯ್ಯುವುದಿಲ್ಲ, ಸಣ್ಣ ತೂತು ಮಾಡಿ ಎಡ ಟ್ಯೂಬು ತೆಗೆಯುತ್ತಾರೆ. ಸುಮ್ನೆ ಬಿಟ್ಟರೆ ಪುಟ್ಟಿ ಜೀವಕ್ಕೇ ಕುತ್ತು.

ರಾಜಾಜಿನಗರ ದೊಡ್ಡಪ್ಪ: ಟ್ಯೂಬೇ ಹೋದರೆ ಮುಂದೆ?

ಪುಟ್ಟಿ: ದೊಡ್ಡಪ್ಪ, ಐವಿಎಫ್‌ಗೆ ಟ್ಯೂಬು ಬೇಕಿಲ್ಲ. ಎಲ್ಲ ಓದುತ್ತಾ ಇದ್ದೇನೆ. ನೀರೂ ಕುಡಿಯಬಾರದು ಅಂದಿದ್ದಾರೆ, ನಿದ್ದೆ ಬರುತ್ತಿಲ್ಲ.

*ಈ ಮೆಸೇಜ್ ಅಳಿಸಲಾಗಿದೆ*

ರಾಜಾಜಿನಗರ ದೊಡ್ಡಪ್ಪ: ನೀನು ಮಲಗು ಮಗಳೇ. ರಕ್ತ ಬೇಕಾದರೆ ನಾನೇ ಬರುತ್ತೇನೆ.

ನಾನು: ನಿಮಗೆ 71, ತೆಗೆದುಕೊಳ್ಳುವುದಿಲ್ಲ. ಹುಡುಗರು ಹೊರಟಿದ್ದಾರೆ.

ರಾಜಾಜಿನಗರ ದೊಡ್ಡಪ್ಪ: ಸರಿ. ಅಂದಹಾಗೆ, ಅದನ್ನು ನಿನ್ನೆಯೇ ವಾಕಿಂಗ್ ಗುಂಪಿಗೂ, ಅಪಾರ್ಟ್‌ಮೆಂಟ್ ಗುಂಪಿಗೂ ಕಳಿಸಿದ್ದೆ. ಅಲ್ಲಿ ಅಳಿಸುವುದು ಹೇಗೆ?