ಕೂಲರ್ ಒಳಗಿನ ಕಪ್ಪು ಗೆರೆ

ನಿನ್ನೆ ಬೆಳಿಗ್ಗೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ರಾಯಚೂರಲ್ಲಿ ಈಗ ಎಲ್ಲರೂ ಕೂಲರ್ ಹೊರಗೆ ತೆಗೆಯುತ್ತಿದ್ದಾರೆ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಗಂಗಾವತಿ ಮಾಮ: (ಫಾರ್ವರ್ಡ್) ಶುಭ ಸುದ್ದಿ! ಬಿಸಿಲು 40 ಡಿಗ್ರಿ ದಾಟಿದರೆ ಸೊಳ್ಳೆ ಮೊಟ್ಟೆಗಳೆಲ್ಲ ಸುಟ್ಟುಹೋಗುತ್ತವೆ. ಮಳೆಗಾಲದವರೆಗೆ ಡೆಂಗಿ ಭಯ ಇಲ್ಲ. ಹತ್ತು ಜನರಿಗೆ ಕಳಿಸಿ.

ಚಿಕ್ಕಮ್ಮ: ಅಬ್ಬ, ಈ ಬಿಸಿಲಿನಿಂದ ಒಂದಾದರೂ ಉಪಕಾರ ಆಯಿತಲ್ಲ.

ಅಣ್ಣ: ಯಾರು ಹೇಳಿದ್ದು ಮಾಮ? ಹೆಸರಿಲ್ಲ, ತಾರೀಕಿಲ್ಲ.

ಮಾಮ: ಬೆಂಗಳೂರಲ್ಲಿ ಕೂತು ನಮ್ಮ ಬಿಸಿಲಿನ ಲೆಕ್ಕ ಕೇಳಬೇಡಪ್ಪ. ಮೇ ತಿಂಗಳಲ್ಲಿ ಬಂದು ಮಾಳಿಗೆ ಮೇಲೆ ಬರಿಗಾಲಲ್ಲಿ ನಿಲ್ಲು.

ಅಣ್ಣ: ಕಿಸೆಯಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಅಂತ ಕಳಿಸಿದ್ದೂ ನೀವೇ ಅಲ್ವಾ?

ದೊಡ್ಡಪ್ಪ: ಹಿರಿಯರ ಜೊತೆ ಮಾತಾಡುವ ರೀತಿಯಾ ಇದು? ನಮ್ಮವ್ವ ವಾರಕ್ಕೊಮ್ಮೆ ಹಂಡೆ, ಹರವಿ ಎಲ್ಲ ತಿಕ್ಕಿ ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಈಗಿನವರಿಗೆ ಒಂದು ಡ್ರಮ್ ತೊಳೆಯಲು ಪುರುಸೊತ್ತಿಲ್ಲ.

ಸಿಂಧನೂರು ಅಕ್ಕ: ಮಾಳಿಗೆ ಅಂದ ಕೂಡಲೇ ನೆನಪಾಯಿತು! ಬೇವಿನ ಸೊಪ್ಪಿನ ಹೊಗೆ ಹಾಕಿ, ಅಜ್ಜಿಯ ಕೌದಿ ಹಾಸಿ, ಸಾಲಾಗಿ ಮಲಗುತ್ತಿದ್ದೆವಲ್ಲ.

ಚಿಕ್ಕಮ್ಮ: ಆ ಕೌದಿ ಈಗ ಯಾರ ಮನೆಯಲ್ಲಿದೆ ಅಂತ ನನಗೆ ಗೊತ್ತು. ಮದುವೆಗೆ ಅಂತ ಒಯ್ದ ನಮ್ಮ ಕೂಲರ್ ಪ್ಯಾಡ್ ಇಲ್ಲದೆ ವಾಪಸ್ ಬಂದಿದ್ದೂ ಗೊತ್ತು.

ಮಾಮ: ಹನ್ನೆರಡು ವರ್ಷ ಆಯಿತು, ಇನ್ನೂ ಅದೇ ಮಾತಾ?

ಅರ್ಧ ಗಂಟೆ ಇದೇ ನಡೆಯಿತು. ಸೊಳ್ಳೆಯ ಸುದ್ದಿಯೇ ಇಲ್ಲ. ನನಗೆ ಸುಮ್ನೆ ಇರಲು ಆಗಲಿಲ್ಲ.

ನಾನು: ಮಾಮ, ಹೋದ ಏಪ್ರಿಲ್‌ನಲ್ಲಿ ನಮ್ಮ ಪುಟ್ಟಿಗೆ ಡೆಂಗಿ ಬಂದಾಗ ಒಂದು ಹನಿ ಮಳೆ ಬಿದ್ದಿರಲಿಲ್ಲ. ಡಾಕ್ಟರ್ ಮೊದಲು ಕೇಳಿದ್ದೇ ‘ಮನೆಯಲ್ಲಿ ಕೂಲರ್ ಇದೆಯಾ’ ಅಂತ. ಡೆಂಗಿ ಸೊಳ್ಳೆ ಸುಡುವ ಬಿಸಿಲಲ್ಲಿ ಮೊಟ್ಟೆ ಇಡಲು ಹೋಗುವುದಿಲ್ಲ. ಬಚ್ಚಲ ಡ್ರಮ್ಮು, ಕೂಲರ್ ತೊಟ್ಟಿ, ಇಂಥ ನೆರಳಿನ ಕಡೆ ನೀರಿನ ಮಟ್ಟಕ್ಕಿಂತ ತುಸು ಮೇಲೆ ಗೋಡೆಗೆ ಅಂಟಿಸುತ್ತದೆ. ಇಟ್ಟಾಗ ಬಿಳಿ, ಕೆಲವೇ ಗಂಟೆಯಲ್ಲಿ ಕಪ್ಪು. ಎರಡು ಮೂರು ದಿನ ತೇವ ಸಿಕ್ಕಿ ಒಳಗೆ ಮರಿ ಬಲಿತರೆ ಸಾಕು, ಆಮೇಲೆ ಒಣಗಿದರೂ ತಿಂಗಳುಗಟ್ಟಲೆ ಕಾಯುತ್ತದೆ. ಮತ್ತೆ ನೀರಲ್ಲಿ ಮುಳುಗಿದಾಗ ಒಡೆಯುತ್ತದೆ. ಎಲ್ಲವೂ ಒಂದೇ ಸಲ ಒಡೆಯುವುದಿಲ್ಲ, ಕೆಲವು ಎರಡನೇ ಮೂರನೇ ಸಲ ನೆನೆಯುವವರೆಗೆ ತಡೆಯುತ್ತವೆ. ಮಲೆನಾಡಲ್ಲಿ ಆ ನೀರು ಮಳೆಯಿಂದ ಬರುತ್ತದೆ. ನಮ್ಮ ಓಣಿಯಲ್ಲಿ ನಲ್ಲಿಯಿಂದ ಬರುತ್ತದೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಟ್ಟಾಗ ಡ್ರಮ್ ತುಂಬುತ್ತೇವಲ್ಲ, ಆ ಮೊಟ್ಟೆಗಳಿಗೆ ಅದೇ ಮುಂಗಾರು. ನೀರು ಬೆಚ್ಚಗಿದ್ದರೆ ವಾರ, ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತದೆ.

ಅಣ್ಣ: ನೀನೂ ಮೂಲ ಹೇಳಲಿಲ್ಲ.

ನಾನು: ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮನೆಗೆ ಬಂದು ಟಾರ್ಚ್ ಹಾಕಿ ತೋರಿಸಿದರು ಅಣ್ಣ. ಹಳೆಯ ನೀರಿನ ಗೆರೆಯ ಮೇಲೆ ಮಸಿ ಉದುರಿದ ಹಾಗೆ ಚುಕ್ಕೆಗಳು, ಒಂದೊಂದೂ ಒಂದು ಮಿಲಿಮೀಟರ್‌ಗಿಂತ ಸಣ್ಣ. ಬೆರಳಲ್ಲಿ ಒರೆಸಿದೆ, ಬರಲಿಲ್ಲ. ಎಷ್ಟು ಸಲ ಆ ತೊಟ್ಟಿಯ ನೀರು ಚೆಲ್ಲಿ, ತೊಳೆದೆ ಅಂದುಕೊಂಡಿದ್ದೆನೋ.

ಮಾಮ: ಹಾಗಾದರೆ ನಮ್ಮ ಭತ್ತದ ಗದ್ದೆಗಳು?

ನಾನು: ಅಲ್ಲಿನದು ಬೇರೆ ಸೊಳ್ಳೆ ಮಾಮ. ಮಲೇರಿಯಾ ಸೊಳ್ಳೆಯ ಮೊಟ್ಟೆ ನೀರಿನ ಮೇಲೇ ತೇಲಬೇಕು, ಒಣಗಿದರೆ ಉಳಿಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನಿಂತು ಗದ್ದೆ ಬಿರುಕು ಬಿಟ್ಟಾಗ ಅಲ್ಲಿ ಅದು ಮರಿ ಮಾಡಲಾರದು. ನಿಮ್ಮ ಫಾರ್ವರ್ಡ್‌ನಲ್ಲಿ ಸತ್ಯ ಅಂತ ಇದ್ದರೆ ಅಷ್ಟೇ.

ದೊಡ್ಡಪ್ಪ: ನಾನು ಹೇಳಿದ್ದೂ ಅದೇ. ತಿಕ್ಕಬೇಕು.

ನಾನು: ಹೌದು ದೊಡ್ಡಪ್ಪ. ಅಜ್ಜಿ ಮಾಡುತ್ತಿದ್ದದ್ದೇ ಸರಿ.

ಆಮೇಲೆ ಸಂಜೆವರೆಗೆ ಗುಂಪು ಮೌನ. ಮಾಮನಿಗೆ ಬೇಜಾರಾಯಿತೇನೋ ಅಂದುಕೊಂಡೆ. ರಾತ್ರಿ ಒಂಬತ್ತಕ್ಕೆ ಅವರಿಂದಲೇ ಒಂದು ಫೋಟೋ ಬಂತು. ಪ್ಯಾಡ್ ಬಿಚ್ಚಿ ಒರಗಿಸಿದ ಕೂಲರ್, ತೊಟ್ಟಿಯ ಮೂಲೆಗೆ ಹಿಡಿದ ಟಾರ್ಚ್.

ಮಾಮ: ಇದು ಮಸಿಯಾ, ಮೊಟ್ಟೆಯಾ, ನೋಡಿ ಹೇಳವ್ವ.

ನಾನು: ಇನ್ನೂ ನೀರು ಹಾಕಬೇಡಿ ಮಾಮ. ಮೊದಲು ಗಟ್ಟಿ ಬ್ರಷ್‌ನಿಂದ ಆ ಗೆರೆ ತಿಕ್ಕಿ. ತೊಳೆದ ನೀರು ನಿಲ್ಲುವ ಕಡೆ ಬೇಡ, ಒಣ ನೆಲಕ್ಕೆ ಚೆಲ್ಲಿ.

ಚಿಕ್ಕಮ್ಮ: ಪ್ಯಾಡ್ ಹೊಸದು ಹಾಕಿಸಿ ಅಣ್ಣ. ನಮ್ಮಲ್ಲಿ ಒಂದು ಜೊತೆ ಹಾಗೇ ಇದೆ, ಬೇಕಾದರೆ ಒಯ್ಯಿರಿ.